ಬಿಲ್ಟಿಯಲ್ಲಿ ಬರೆಯದ ಎತ್ತರ

(ಬಾನುಲಿ ಭಾಷಣ)



ನಾನು ಮುಂಬಯಿಯ ಕುರ್ಲಾದಲ್ಲಿ, ಸರಕು ಸಾಗಿಸುವ ಒಂದು ಕಚೇರಿಯಲ್ಲಿ, ಮೂವತ್ತು ವರ್ಷ ಬಿಲ್ಟಿ ಬರೆದವನು. ಬಿಲ್ಟಿ ಅಂದರೆ ಸರಕಿನ ಜಾತಕ. ಕಳಿಸಿದವರು ಯಾರು, ಬಿಡಿಸಿಕೊಳ್ಳುವವರು ಯಾರು, ನಗ ಎಷ್ಟು, ತೂಕ ಎಷ್ಟು, ಭಾಡೆ ಎಷ್ಟು, ಹಮಾಲಿ ಎಷ್ಟು, ಎಲ್ಲಕ್ಕೂ ಒಂದೊಂದು ಕಾಲಂ. ಕಟ್ಟಕಡೆಗೆ ಷರಾ. ಒಂದು ಸಂಗತಿಗೆ ಮಾತ್ರ ಅದರಲ್ಲಿ ಜಾಗವಿಲ್ಲ. ಆ ಸರಕು ನೆಲದಿಂದ ಗಾಡಿಗೆ ಎಷ್ಟು ಎತ್ತರ ಏರಿತು, ಅದನ್ನು ಏರಿಸಲು ಮನುಷ್ಯ ಎಷ್ಟು ಸಲ ಹತ್ತಿ ಇಳಿದ ಎಂಬುದಕ್ಕೆ. ಇವತ್ತು ನಾನು ಮಾತಾಡಲು ಹೊರಟಿರುವುದು ಆ ಎತ್ತರದ ಬಗ್ಗೆ. ಸಣ್ಣ ವಿಷಯ ಅನ್ನಿಸಬಹುದು. ಹಾಗನ್ನಿಸಿದವರು ದಯವಿಟ್ಟು ಒಮ್ಮೆ ಪಿಕಪ್ ಗಾಡಿಯ ಹಿಂದೆ ನಿಂತು, ಕಾಲೆತ್ತಿ ನೋಡಬೇಕು.

ಕುರ್ಲಾ ಹತ್ತಿ ಇಳಿಯುವವರ ಊರು. ರೈಲು ಹತ್ತುವವರು ಒಂದು ಕಡೆ, ಬೆಸ್ಟ್ ಬಸ್ಸು ಹತ್ತುವವರು ಇನ್ನೊಂದು ಕಡೆ. ಮಂಗಳೂರಿಗೆ ಹೋಗುವ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹಿಡಿಯಲು ಉಪ್ಪಿನಕಾಯಿ ಭರಣಿಯ ಸಮೇತ ಟರ್ಮಿನಸ್ಸಿಗೆ ಓಡುವ ನಮ್ಮ ಕರಾವಳಿಯವರು ಮತ್ತೊಂದು ಕಡೆ. ಇವರೆಲ್ಲರ ನಡುವೆ, ಗುಜರಿ ಅಂಗಡಿ, ಗ್ಯಾರೇಜು, ಗೋದಾಮುಗಳ ಮುಂದೆ, ಬೆಳಗಿನಿಂದ ರಾತ್ರಿವರೆಗೆ ಟೆಂಪೊ ಹತ್ತುವವರು. ಕುರ್ಲಾ ಪಶ್ಚಿಮದಲ್ಲಿ ಬೈಲ್ ಬಜಾರ್ ಅಂತ ಒಂದು ಜಾಗವಿದೆ. ಬೈಲ್ ಅಂದರೆ ಎತ್ತು. ಈಗ ಅಲ್ಲಿ ಎತ್ತಿನ ಬಾಲವೂ ಕಾಣದು, ಹೆಸರು ಮಾತ್ರ ಉಳಿದಿದೆ. ಎತ್ತಿನ ಪಾಲಿನ ಕೆಲಸವನ್ನು ಡೀಸೆಲ್ಲು ವಹಿಸಿಕೊಂಡಿದೆ. ಮನುಷ್ಯನ ಪಾಲಿನ ಕೆಲಸ ಮನುಷ್ಯನಿಗೇ ಉಳಿದಿದೆ.

ಮುಂಬಯಿಯಲ್ಲಿ ಸಣ್ಣ ಸರಕು ಗಾಡಿ ಯಾವುದೇ ಇರಲಿ, ಬಾಯಲ್ಲಿ ಅದು ಟೆಂಪೊ. ಮೂಲದಲ್ಲಿ ಅದು ಜರ್ಮನಿಯ ಒಂದು ಕಂಪನಿಯ ಹೆಸರು. ಆ ಕಂಪನಿಯ ಸಹಯೋಗದಲ್ಲಿ 1958ರಲ್ಲಿ ಇದೇ ಮುಂಬಯಿಯ ಗೋರೆಗಾಂವ್‌ನಲ್ಲಿ ಬಜಾಜ್ ಟೆಂಪೊ ಶುರುವಾಗಿ, ಮೂರು ಗಾಲಿಯ ಗಾಡಿಗಳು ಹೊರಬಂದವು. ಆಮೇಲೆ ಗಾಲಿ ನಾಲ್ಕಾಯಿತು, ಕಂಪನಿಗಳು ಹತ್ತಾರಾದವು, ಹೆಸರು ಬದಲಾಗಲಿಲ್ಲ. 2005ರ ಮೇ ತಿಂಗಳಲ್ಲಿ ಟಾಟಾ ಏಸ್ ಬಂತು. ಮುಕ್ಕಾಲು ಟನ್ ಹೊರುವ ಪುಟ್ಟ ಗಾಡಿ. ಜನ ಅದಕ್ಕೆ ‘ಛೋಟಾ ಹಾಥಿ’ ಅಂತ ನಾಮಕರಣ ಮಾಡಿದರು. ಆ ಸಣ್ಣ ಆನೆಗೆ ಹನ್ನೆರಡು ಇಂಚಿನ ಪುಟ್ಟ ಗಾಲಿ. ಹಾಗಾಗಿ ಅದರ ತಳ ನೆಲಕ್ಕೆ ಹತ್ತಿರ, ನನ್ನ ಮಂಡಿಗಿಂತ ಒಂದು ಗೇಣಿನಷ್ಟು ಮೇಲೆ. ಪಕ್ಕದಲ್ಲೇ ಒಂದೂವರೆ ಟನ್ ಹೊರುವ ಬೊಲೆರೊ ಪಿಕಪ್ ನಿಂತರೆ ಅದರ ತಳ ನನ್ನ ಸೊಂಟದ ಪಟ್ಟಿಗೆ ಬರುತ್ತದೆ. ಹುಡುಗನಿಗೆ ಅದು ಒಂದು ನೆಗೆತ. ಅರವತ್ತು ದಾಟಿದವನಿಗೆ ಗೋಡೆ.

ತಳ ಅಷ್ಟು ಮೇಲೇಕೆ? ಕೆಳಗೆ ಉದ್ದಕ್ಕೂ ಎರಡು ಉಕ್ಕಿನ ತೊಲೆ, ಅದು ಚಾಸಿ. ಅದರಡಿ ಭಾರ ತಡೆಯುವ ಪಟ್ಟಿಗಳ ಅಡುಕು. ನಮ್ಮ ಮೆಕ್ಯಾನಿಕ್ಕುಗಳು ಅದನ್ನು ಕಮಾನಿ ಅನ್ನುತ್ತಾರೆ. ಕುರ್ಲಾದಲ್ಲಿ ಕಮಾನಿ ಅನ್ನುವ ಬಸ್‌ಸ್ಟಾಪೂ ಇದೆ. ಅದು ಹಳೆಯ ಕಾರ್ಖಾನೆಯ ಮಾಲೀಕರ ಮನೆತನದ ಹೆಸರು, ಗಾಡಿಯ ಕಮಾನಿಗೂ ಅದಕ್ಕೂ ಸಂಬಂಧವಿಲ್ಲ. ಊರಿಂದ ಹೊಸದಾಗಿ ಬಂದ ಕ್ಲೀನರ್ ಹುಡುಗರನ್ನು ‘ಕಮಾನಿ ತಗೊಂಡು ಬಾ’ ಎಂದು ಬಸ್‌ಸ್ಟಾಪಿಗೆ ಕಳಿಸಿ ನಗುವುದು ನಮ್ಮಲ್ಲಿ ಮಾಮೂಲಿ ತಮಾಷೆ. ಇರಲಿ. ಗಾಲಿ ದೊಡ್ಡದಾದಷ್ಟು, ಕಮಾನಿ ಗಟ್ಟಿಯಾದಷ್ಟು ತಳ ಮೇಲಕ್ಕೆ. ಭಾರ ಬಿದ್ದಾಗ ಕಮಾನಿ ಬಗ್ಗಿ ಗಾಡಿ ನಾಲ್ಕು ಬೆರಳು ಕೆಳಗಿಳಿಯುತ್ತದೆ. ಅಂದರೆ ಗಾಡಿ ಖಾಲಿ ಇದ್ದಾಗಲೇ ಅತಿ ಎತ್ತರ. ಮೊದಲ ಚೀಲ ಏರಿಸುವವನ ಪಾಲಿಗೆ ಅತಿ ಕಷ್ಟ.

“ಖಾಲಿ ಗಾಡಿಗೆ ಸೊಕ್ಕ ಜಾಸ್ತಿ ನೋಡ್ರಿ ಸಾಹೇಬ್ರ” ಅನ್ನುತ್ತಿದ್ದ ನಮ್ಮ ಮುತ್ಯಾ. ಆತ ಕಲಬುರಗಿ ಕಡೆಯ ಹಮಾಲ. ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು, ಉಳಿದವರಿಗೆಲ್ಲ ಆತ ಮುತ್ಯಾ, ಅಂದರೆ ಅಜ್ಜ. ಗಾಡಿ ಹತ್ತುವುದೂ ಒಂದು ವಿದ್ಯೆ ಎಂದು ನನಗೆ ತಿಳಿದದ್ದು ಆತನಿಂದ. ಕಚೇರಿ ಕಿಟಕಿಯಿಂದ ಎಷ್ಟೋ ಸಾವಿರ ಸಲ ನೋಡಿದ್ದೇನೆ. ಮೊದಲು ಹಿಂದಿನ ಗಾಲಿಗೆ ಕಲ್ಲು ಕೊಡುತ್ತಿದ್ದ, ಡ್ರೈವರ್ ಬ್ರೇಕು ಎಳೆದಿದ್ದೇನೆ ಎಂದು ಆಣೆ ಮಾಡಿದರೂ. ಆಮೇಲೆ ಫಾಳ್ಕಾ ಇಳಿಸುತ್ತಿದ್ದ. ಫಾಳ್ಕಾ ಅಂದರೆ ಗಾಡಿಯ ಹಿಂದೆ ತೆರೆದು ಇಳಿಬಿಡುವ ಬಾಗಿಲು. ಆದರೆ ಹತ್ತುವಾಗ ಹಿಂದಿನಿಂದ ಹತ್ತುತ್ತಿರಲಿಲ್ಲ, ಪಕ್ಕಕ್ಕೆ ಬರುತ್ತಿದ್ದ. ಎಡಗೈಯಿಂದ ಮೂಲೆಯ ಕಂಬ ಹಿಡಿದು, ಎಡಗಾಲನ್ನು ಗಾಲಿಯ ನೆತ್ತಿಯ ಮೇಲಿಟ್ಟು, ಬಲಗೈಯಿಂದ ಅಂಚು ಅದುಮಿ, ಮೈಯನ್ನು ಓರೆ ಮಾಡಿ ಬಲಗಾಲು ಒಳಗೆ. ನೋಡಿದವರಿಗೆ ಏಡಿ ನೆನಪಾಗಬೇಕು. ಕುರ್ಲಾ ಎಂಬ ಹೆಸರು ಬಂದದ್ದೂ ಈ ಜವಳು ನೆಲದಲ್ಲಿ ಹೇರಳವಾಗಿದ್ದ ಕುರ್ಲಿಯಿಂದ, ಅಂದರೆ ಏಡಿಯಿಂದ, ಎಂದು ಹೇಳುವುದುಂಟು. ಏಡಿಗೆ ತನ್ನ ಊರಲ್ಲಿ ಒಬ್ಬ ಶಿಷ್ಯ ಸಿಕ್ಕಿದ್ದ.

ಎರಡು ಕೈ, ಎರಡು ಕಾಲು, ಈ ನಾಲ್ಕರಲ್ಲಿ ಮೂರು ಯಾವಾಗಲೂ ಗಾಡಿಗೆ ಅಂಟಿರಬೇಕು. ಕಾರ್ಖಾನೆಗಳ ಸುರಕ್ಷತಾ ಪಾಠದಲ್ಲಿ ಇದೇ ಮೊದಲ ನಿಯಮ. ಮುತ್ಯಾ ಆ ಪಾಠ ಓದಿದವನಲ್ಲ, ಎಚ್ಚರ ಮಾತ್ರ ಆತನ ಮೈಯಲ್ಲೇ ಇತ್ತು. ಆತನ ಬೆಳ್ಳಿಯ ಉಂಗುರ ಬೆರಳಲ್ಲಿರುತ್ತಿರಲಿಲ್ಲ, ಕರಿದಾರಕ್ಕೆ ಪೋಣಿಸಿ ಕೊರಳಲ್ಲಿ ಹಾಕಿಕೊಂಡಿದ್ದ. ಯಾಕೆ ಎಂದು ಕೇಳಿದೆ. ಹಗ್ಗ ಕಟ್ಟುವ ಕೊಕ್ಕೆಗೆ ಉಂಗುರ ಸಿಕ್ಕಿಕೊಂಡು ಮನುಷ್ಯ ಕೆಳಗೆ ಹಾರಿದರೆ ಉಂಗುರ ಬರುವುದಿಲ್ಲ, ಬೆರಳು ಬರುತ್ತದೆ ಎಂದ. ಇಳಿಯುವಾಗಲಂತೂ ಬಾವಿಯ ಮೆಟ್ಟಿಲಿಳಿದ ಹಾಗೆ, ಮುಖ ಗಾಡಿಯ ಕಡೆಗೇ. ಧುಮುಕುವ ಹುಡುಗರನ್ನು ಕಂಡರೆ ಬೈಗುಳ. “ಹಾರಬ್ಯಾಡೋ ತಮ್ಮಾ, ನೆಲ ಸುಮ್ಮನಿರಂಗಿಲ್ಲ. ಮೊಣಕಾಲಿಗೆ ಬಡ್ಡಿ ಹಾಕ್ತದ.”

ಆ ಬಡ್ಡಿಯ ಲೆಕ್ಕ ಹಾಕೋಣ. ತಳದ ಎತ್ತರ ಮುಕ್ಕಾಲು ಮೀಟರು ಎಂದು ಹಿಡಿಯಿರಿ. ದಿನಕ್ಕೆ ನಲವತ್ತು ಸಲ ಹತ್ತಿದರೆ ಮೂವತ್ತು ಮೀಟರು. ಹತ್ತು ಮಹಡಿಯ ಕಟ್ಟಡದಷ್ಟು. ಅದೂ ಮೆಟ್ಟಿಲ ಮೇಲಲ್ಲ. ಮನೆಯ ಮೆಟ್ಟಿಲು ಹತ್ತೊಂಬತ್ತು ಸೆಂಟಿಮೀಟರಿಗಿಂತ ಎತ್ತರ ಇರಬಾರದು ಎನ್ನುತ್ತದೆ ನಮ್ಮ ದೇಶದ ಕಟ್ಟಡ ಸಂಹಿತೆ. ಅಂಥ ನಾಲ್ಕು ಮೆಟ್ಟಿಲನ್ನು ಒಂದೇ ಹೆಜ್ಜೆಗೆ ಏರುವವನು ಹಮಾಲ.

ತೂಕದ ಬಗ್ಗೆ ಲೋಕ ಸಾಕಷ್ಟು ಜಗಳವಾಡಿದೆ. ಒಬ್ಬ ಗಂಡಾಳು ಹೊರುವ ಭಾರ 55 ಕಿಲೊ ಮೀರಬಾರದೆಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿತು. ಮಹಾರಾಷ್ಟ್ರದಲ್ಲಿ ತಲೆಯ ಮೇಲೆ, ಬೆನ್ನ ಮೇಲೆ ಹೊರುವವರನ್ನು ಮಾಥಾಡಿ ಅನ್ನುತ್ತಾರೆ. ಅಣ್ಣಾಸಾಹೇಬ್ ಪಾಟೀಲರು ಅವರನ್ನು ಒಟ್ಟುಗೂಡಿಸಿ ಹೋರಾಡಿದ ಫಲವಾಗಿ 1969ರಲ್ಲಿ ಮಾಥಾಡಿ ಕಾಯಿದೆ ಬಂತು. ಅದರಡಿ ರಚನೆಯಾದ ಮಂಡಳಿಗಳ ಮೂಲಕ ಕೂಲಿ, ಭವಿಷ್ಯ ನಿಧಿ, ರಜೆ, ಬೋನಸ್ಸು, ಇವೆಲ್ಲ ಹಮಾಲನ ಪಾಲಿಗೂ ಬಂದವು. ನೂರು ಕಿಲೊ ಗೋಣಿಚೀಲ ಕಾಲಕ್ರಮದಲ್ಲಿ ಐವತ್ತಕ್ಕಿಳಿಯಿತು. ಒಳ್ಳೆಯದೇ ಆಯಿತು. ಆದರೆ ಚೀಲ ಅರ್ಧವಾದಾಗ ಹತ್ತಿಳಿಯುವ ಸಲ ಎರಡರಷ್ಟಾಯಿತು. ತೂಕವನ್ನು ತಕ್ಕಡಿ ಹೇಳುತ್ತದೆ, ಬಿಲ್ಟಿ ಹೇಳುತ್ತದೆ. ಎತ್ತರವನ್ನು ಹೇಳುವುದು ಮೊಣಕಾಲು ಮಾತ್ರ.

ಹೆಂಗಸರ ಮಾತು ಇನ್ನೂ ಬೇರೆ. ಬೆಳಿಗ್ಗೆ ಎಂಟಕ್ಕೆ ನಾಕಾದಲ್ಲಿ, ಅಂದರೆ ರಸ್ತೆಗಳು ಕೂಡುವಲ್ಲಿ, ಕೂಲಿಗೆ ನಿಲ್ಲುವವರಲ್ಲಿ ನಮ್ಮ ಯಾದಗಿರಿ, ಕಲಬುರಗಿ, ವಿಜಯಪುರದ ಅಕ್ಕಂದಿರನ್ನು ಅವರ ಇಳಕಲ್ ಸೀರೆಯ ಸೆರಗಿನಿಂದಲೇ ಗುರುತು ಹಿಡಿಯಬಹುದು. ಒಡೆದ ಗೋಡೆಯ ಕಲ್ಲುಮಣ್ಣು ತುಂಬುವುದು, ಇಟ್ಟಿಗೆ ಇಳಿಸುವುದು ಅವರ ಕೆಲಸ. ಗಾಲಿಯ ಮೇಲೆ ಕಾಲಿಟ್ಟು ಏಡಿಯ ಹಾಗೆ ಹತ್ತಲು ಸೀರೆ ಬಿಡುವುದಿಲ್ಲ, ಸುತ್ತ ನಿಂತ ಕಣ್ಣುಗಳೂ ಬಿಡುವುದಿಲ್ಲ. ಒಬ್ಬ ಅಕ್ಕ ತನ್ನ ಜೊತೆ ಖಾಲಿ ಬಣ್ಣದ ಡಬ್ಬಿಯೊಂದನ್ನು ತರುತ್ತಿದ್ದಳು, ಇಪ್ಪತ್ತು ಲೀಟರಿನದು. ಒಳಗೆ ಬುತ್ತಿ, ನೀರಿನ ಬಾಟಲಿ. ಕೆಲಸದ ಜಾಗಕ್ಕೆ ಬಂದೊಡನೆ ಅದನ್ನು ಬೋರಲು ಹಾಕುತ್ತಿದ್ದಳು, ಅದು ಮೆಟ್ಟಿಲಾಗುತ್ತಿತ್ತು. ಡಬ್ಬಿಯ ಮೇಲೆ ನಿಂತು, ಗಾಡಿಗೆ ಬೆನ್ನು ಮಾಡಿ, ಜಗಲಿಯ ಮೇಲೆ ಕೂತ ಹಾಗೆ ತಳದ ಅಂಚಿಗೆ ಕೂತು, ಎರಡೂ ಕಾಲು ಒಟ್ಟಿಗೆ ಮೇಲಕ್ಕೆ ತಿರುಗಿಸಿಕೊಳ್ಳುತ್ತಿದ್ದಳು. ಸೀರೆಯ ನಿರಿಗೆ ಕದಲುತ್ತಿರಲಿಲ್ಲ. ವಯಸ್ಸಾದವರಿಗೆ, ಮೊಣಕಾಲು ನೋವಿನವರಿಗೆ ಇದಕ್ಕಿಂತ ಒಳ್ಳೆಯ ಉಪಾಯವನ್ನು ನಾನು ಕಂಡಿಲ್ಲ. ಇದು ನಿಂತ ಗಾಡಿಯ ಮಾತು, ನೆನಪಿರಲಿ. ಸರಕು ಗಾಡಿಯಲ್ಲಿ ಜನರನ್ನು ತುಂಬಿಕೊಂಡು ಓಡಿಸುವುದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ.

ನಮ್ಮ ಹಿರಿಯರು ಈ ಎತ್ತರದ ವಿಚಾರ ಮಾಡದೆ ಇರಲಿಲ್ಲ. ನಾನು ಹುಟ್ಟಿದ್ದು ಇಂಡಿ ತಾಲೂಕಿನಲ್ಲಿ. ನಮ್ಮ ಮನೆಯ ಚಕ್ಕಡಿಗೆ ಎತ್ತು ಕಟ್ಟುವ ಮುಂಚೆ ಮೂಕಿ ನೆಲಕ್ಕೆ ಬಾಗಿರುತ್ತಿತ್ತು. ಅಜ್ಜಿ ಮುಂದಿನಿಂದ, ಇಳಿಜಾರಿನಲ್ಲಿ ನಡೆದ ಹಾಗೆ ಹತ್ತಿ ಕೂರುತ್ತಿದ್ದಳು. ಎತ್ತು ಕಟ್ಟಿದ ಮೇಲೆ ಬಂದವರು ಹಿಂದಿನಿಂದ ಹತ್ತಬೇಕು. ಆಗ ಅಪ್ಪ ನೊಗದ ಮೇಲೆ ಭಾರ ಹಾಕಿ ನಿಲ್ಲುತ್ತಿದ್ದ, ಹಿಂಭಾರವಾಗಿ ಗಾಡಿ ಮೂತಿ ಎತ್ತಬಾರದೆಂದು. ಹತ್ತುವವನ ಕಡೆ ಗಮನ ಕೊಡುವುದೂ ಗಾಡಿ ಹೂಡುವುದರ ಒಂದು ಭಾಗವೇ ಆಗಿತ್ತು. ಹಳೆಯ ದಾರಿಗಳ ಬದಿಗೆ ಹೊರೆ ಇಳಿಸುವ ಕಲ್ಲುಗಳನ್ನು ನೀವು ಕಂಡಿರಬಹುದು. ನೆಟ್ಟ ಎರಡು ಕಲ್ಲು, ಮೇಲೊಂದು ಅಡ್ಡಗಲ್ಲು. ತಲೆಹೊರೆಯವನು ಬಗ್ಗದೆ, ಮತ್ತೊಬ್ಬರನ್ನು ಕರೆಯದೆ, ಹೊರೆಯನ್ನು ಅದರ ಮೇಲೆ ಜಾರಿಸಿ ಉಸಿರು ತೆಗೆದುಕೊಳ್ಳಬಹುದಿತ್ತು. ಆ ಕಲ್ಲನ್ನು ನಿಲ್ಲಿಸಿದವನು ಅಳೆದದ್ದು ಹೊರೆಯನ್ನಲ್ಲ, ಹೊರುವವನ ಆಳುದ್ದವನ್ನು.

ಇದೇ ಮುಂಬಯಿ ತನ್ನ ಬೇರೆ ಎತ್ತರಗಳನ್ನು ಸರಿಮಾಡಿಕೊಂಡಿದೆ. 2014ರ ಜನವರಿಯಲ್ಲಿ, ನಮ್ಮ ಕುರ್ಲಾದಿಂದ ಎರಡನೇ ಸ್ಟೇಷನ್ ಘಾಟ್ಕೋಪರಿನಲ್ಲಿ, ಲೋಕಲ್ ಹತ್ತಲು ಹೋದ ಕಾಲೇಜು ಹುಡುಗಿಯೊಬ್ಬಳು ಪ್ಲಾಟ್‌ಫಾರ್ಮಿನ ಸಂದಿಗೆ ಜಾರಿ ಎರಡೂ ಕೈ ಕಳೆದುಕೊಂಡಳು. ಊರು ಬೆಚ್ಚಿತು, ಹೈಕೋರ್ಟು ಕೇಳಿತು, ರೈಲ್ವೆ ಪ್ಲಾಟ್‌ಫಾರ್ಮುಗಳನ್ನು ಸುಮಾರು 90 ಸೆಂಟಿಮೀಟರಿಗೆ ಎತ್ತರಿಸುತ್ತ ಬಂತು. ಬಸ್ಸುಗಳ ತಳಕ್ಕೂ ಸರ್ಕಾರದ ಅಳತೆ ಇದೆ. ತಗ್ಗು ತಳದ ನಗರ ಬಸ್ಸಿಗೆ 40 ಸೆಂಟಿಮೀಟರು, ಅರೆತಗ್ಗಿನದಕ್ಕೆ 65. ಟಿಕೇಟು ಕೊಂಡವರ ಕಾಲಿಗೆ ಅಳತೆ ಸಿಕ್ಕಿತು. ಟೆಂಪೊ ಹತ್ತುವವನು ಪ್ರಯಾಣಿಕನಲ್ಲ, ಹಾಗಾಗಿ ಅವನ ಕಾಲು ಯಾರ ಪುಸ್ತಕದಲ್ಲೂ ಇಲ್ಲ.

ಅಮೆರಿಕದಲ್ಲಿ ಪಿಕಪ್ಪು ಮನೆಮನೆಯ ವಾಹನ. ಅಲ್ಲಿ ಗಾಡಿಯ ಮಾಲೀಕನೇ ಹಿಂದಕ್ಕೆ ಹತ್ತಬೇಕು. ಹಾಗಾಗಿ ಕಂಪನಿಗಳಿಗೆ ಬೇಗ ಬುದ್ಧಿ ಬಂತು. 2008ರ ಮಾದರಿಯ ಸೂಪರ್ ಡ್ಯೂಟಿಯಲ್ಲಿ ಫೋರ್ಡ್ ಕಂಪನಿ ಫಾಳ್ಕಾದೊಳಗೇ ಒಂದು ಮೆಟ್ಟಿಲು, ಒಂದು ಹಿಡಿಕಂಬ ಅಡಗಿಸಿಟ್ಟಿತು. 2014ರ ಷೆವ್ರೊಲೆ ಸಿಲ್ವೆರಾಡೊ ಹಿಂದಿನ ಬಂಪರಿನ ಎರಡೂ ಮೂಲೆಯನ್ನು ಬೂಟಿನ ಅಳತೆಗೆ ಕೊರೆಯಿತು, ಬೇರೇನೂ ಬೇಕಿಲ್ಲ. 2019ರ ಜಿಎಂಸಿ ಸಿಯೆರಾದ ಫಾಳ್ಕಾ ಮಡಚಿದರೆ ಮೆಟ್ಟಿಲೇ ಆಗುತ್ತದೆ. ಯಾರ ಮೆಟ್ಟಿಲು ಮೇಲು ಎಂದು ಜಾಹೀರಾತಿನಲ್ಲಿ ಕಂಪನಿಗಳು ಒಂದನ್ನೊಂದು ಕಿಚಾಯಿಸಿದ್ದೂ ಆಯಿತು. ದುಡ್ಡು ಕೊಟ್ಟವನ ಮೊಣಕಾಲು ನೊಂದರೆ ಮೆಟ್ಟಿಲು ಹುಟ್ಟುತ್ತದೆ. ನಮ್ಮಲ್ಲಿ ಗಾಡಿ ಕೊಳ್ಳುವವನು ಒಬ್ಬ, ಓಡಿಸುವವನು ಇನ್ನೊಬ್ಬ, ಹತ್ತಿ ಇಳಿಯುವವನು ಮೂರನೆಯವನು. ಆ ಮೂರನೆಯವನು ಷೋರೂಮಿಗೆ ಹೋಗುವುದಿಲ್ಲ.

ಗಾಡಿಗೆ ಮೆಟ್ಟಿಲು ಹಚ್ಚುವುದು ಕುರ್ಲಾಕ್ಕೆ ಆಗದ ಕೆಲಸವೇ? ಗಾಡಿ ಕಟ್ಟುವ ವಿದ್ಯೆ ಈ ಊರಿಗೆ ಹೊಸದಲ್ಲ, ಅದರ ಹಿಂದೆ ನಮ್ಮ ಕನ್ನಡದ ಕಥೆಯೂ ಒಂದಿದೆ. ಸರ್ ಎಂ. ವಿಶ್ವೇಶ್ವರಯ್ಯನವರು ದೇಶದಲ್ಲೇ ಮೋಟಾರು ತಯಾರಾಗಬೇಕೆಂದು ಹಟ ಹಿಡಿದು, 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಯುರೋಪ್ ಅಮೆರಿಕಗಳ ಕಾರ್ಖಾನೆಗಳನ್ನು ಸುತ್ತಿ ಬಂದು ಯೋಜನೆ ಸಿದ್ಧಪಡಿಸಿದರು. ಸೊಲ್ಲಾಪುರದಲ್ಲಿ ಹುಟ್ಟಿದ ಉದ್ಯಮಿ ವಾಲಚಂದ ಹೀರಾಚಂದರು ಆ ಕನಸಿಗೆ ಹೆಗಲು ಕೊಟ್ಟರು. ಬೆಂಗಳೂರಿನಲ್ಲಿ ಕಾರ್ಖಾನೆ ಮಾಡುವ ಮಾತೂ ನಡೆಯಿತು. ಬ್ರಿಟಿಷರು ಅಡ್ಡಗಾಲು ಹಾಕಿದರು. ಕೊನೆಗೆ ವಾಲಚಂದರಿಂದ 1940ರಲ್ಲಿ ಬೆಂಗಳೂರಿಗೆ ಸಿಕ್ಕಿದ್ದು ವಿಮಾನದ ಕಾರ್ಖಾನೆ. ಮೋಟಾರಿನದು ಕುರ್ಲಾಕ್ಕೆ ಬಂತು. 1944ರಲ್ಲಿ ಸ್ಥಾಪನೆಯಾದ ಪ್ರೀಮಿಯರ್ ಆಟೊಮೊಬೈಲ್ಸ್, ಕ್ರೈಸ್ಲರ್ ಕಂಪನಿಯ ಸಹಯೋಗದಲ್ಲಿ ಇಲ್ಲಿ ಡಾಡ್ಜ್, ಫಾರ್ಗೊ ಲಾರಿಗಳನ್ನು ಜೋಡಿಸಿತು. ಆಮೇಲೆ ಇದೇ ಕುರ್ಲಾದಿಂದ ಪದ್ಮಿನಿ ಕಾರುಗಳು ಹೊರಟು ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳಾದವು. ಈಗ ಆ ಕಾರ್ಖಾನೆಯ ನೆಲದ ಮೇಲೆ ದೊಡ್ಡ ದೊಡ್ಡ ವಸತಿ ಕಟ್ಟಡಗಳು. ಅಲ್ಲಿಗೆ ಬರುವವರ ಕಪಾಟು, ಫ್ರಿಜ್ಜು, ಮಂಚ ಎಲ್ಲ ಟೆಂಪೊದಲ್ಲೇ ಬರುತ್ತವೆ. ಮೇಲಿನ ಮಹಡಿಗೆ ಲಿಫ್ಟು ಇದೆ. ನೆಲದಿಂದ ಟೆಂಪೊಗೆ ಮಾತ್ರ ಇವತ್ತಿಗೂ ಮೊಣಕಾಲೇ.

ಆ ಎತ್ತರವನ್ನು ನಾನು ಬರೀ ದೂರುತ್ತಿದ್ದೇನೆ ಎಂದುಕೊಳ್ಳಬೇಡಿ. 2005ರ ಜುಲೈ 26, ಮಂಗಳವಾರ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ಮೀಠಿ ನದಿ ದಂಡೆ ಮೀರಿ ಕುರ್ಲಾದೊಳಕ್ಕೆ ಬಂತು. ಸಂಜೆ ಕಚೇರಿಯ ಬಾಗಿಲು ಹಾಕಿ ಹೊರಟವನಿಗೆ ಹತ್ತು ಹೆಜ್ಜೆಯಲ್ಲಿ ನೀರು ಎದೆಗೆ ಬಂತು. ಮುಂದೆ ಸಿಮೆಂಟ್ ತುಂಬಿದ ಒಂದು ಪಿಕಪ್ಪು ನಿಂತಿತ್ತು. ಭಾರದಿಂದಾಗಿ ಅದು ತೇಲಿರಲಿಲ್ಲ. ಚೀಲಗಳ ಮೇಲೆ ಏಳೆಂಟು ಜನ, ಅವರಲ್ಲಿ ಮುತ್ಯಾ. ನಾನು ಕೈ ಚಾಚಿದೆ. ಆತ ನನ್ನ ಅಂಗೈ ಹಿಡಿಯಲಿಲ್ಲ. “ಅಂಗೈ ಬ್ಯಾಡ ಸಾಹೇಬ್ರ, ಜಾರ್ತದ. ಮಣಿಕಟ್ಟು ಹಿಡೀರಿ” ಎಂದ. ಆತ ನನ್ನ ಮಣಿಕಟ್ಟು, ನಾನು ಆತನದು. ಗಾಲಿ ನೀರೊಳಗೆ ಎಲ್ಲಿದೆಯೆಂದು ಕಾಲಿನಿಂದ ತಡಕಿ, ನನ್ನ ಗುಮಾಸ್ತಿಕೆಯಲ್ಲಿ ಮೊದಲ ಸಲ ನಾನೂ ಏಡಿಯಾದೆ. ರಾತ್ರಿಯಿಡೀ ಆ ಚೀಲಗಳ ಮೇಲೆ ಕೂತಿದ್ದೆವು. ಅವತ್ತು ಗಾಡಿ ಇನ್ನೂ ಒಂದು ಗೇಣು ಎತ್ತರವಿದ್ದರೆ ಚೆನ್ನಾಗಿತ್ತು ಅನ್ನಿಸಿತ್ತು.

ಅದಾದ ಕೆಲವು ವರ್ಷಕ್ಕೆ, ಇನ್ನೊಂದು ಮಳೆಗಾಲದಲ್ಲಿ, ಅದೇ ಮುತ್ಯಾ ಗಾಡಿಯಿಂದ ಇಳಿಯುವಾಗ ಬಿದ್ದ. ನಿಯಮ ತಪ್ಪಿದವನಲ್ಲ. ಮುಖ ಗಾಡಿಯ ಕಡೆಗೇ ಇತ್ತು, ಕೈ ಕಂಬದ ಮೇಲಿತ್ತು. ಕಾಲಿಗೆ ಸಿಕ್ಕಬೇಕಾದ ಗಾಲಿ ಕೆಸರಿನಿಂದ ನುಣ್ಣಗಾಗಿತ್ತು. ಸೊಂಟ ಮುರಿಯಿತು. ಊರಿಗೆ ಹೋದವನು ತಿರುಗಿ ಬರಲಿಲ್ಲ. ಆ ಗಾಡಿಯ ಬಿಲ್ಟಿ ಬರೆದವನು ನಾನೇ. ಷರಾ ಕಾಲಂನಲ್ಲಿ ಏನು ಬರೆಯಬೇಕೋ ಅದನ್ನೇ ಬರೆದೆ: ‘ಮಾಲು ಸುಸ್ಥಿತಿಯಲ್ಲಿದೆ.’

ಹೋದ ತಿಂಗಳು ಮನೆಯ ಹಳೆಯ ಕಪಾಟು ಕಳಿಸಲು ಒಂದು ಟೆಂಪೊ ಕರೆಸಿದೆ. ಬಂದ ಗಾಡಿಯ ಹಿಂದೆ, ಫಾಳ್ಕಾದ ಕೆಳಗೆ, ಎರಡು ಮಡಚುವ ಕಬ್ಬಿಣದ ಮೆಟ್ಟಿಲು, ಮೂಲೆಯಲ್ಲೊಂದು ಹಿಡಿಕೆ. ಮೆಟ್ಟಿಲ ಮೇಲೆ ಕಾಲು ಜಾರದಂತೆ ಹಳೆಯ ಟೈರಿನ ತುಂಡು. ಕುರ್ಲಾದ ಒಬ್ಬ ವೆಲ್ಡಿಂಗಿನವನು ಅರ್ಧ ದಿನದಲ್ಲಿ ಮಾಡಿಕೊಟ್ಟನಂತೆ. ಹಮಾಲರ ಮೇಲೆ ಇಷ್ಟು ಕರುಣೆ ಹೇಗೆ ಬಂತಪ್ಪಾ ಎಂದು ಕೇಳಿದೆ. ಡ್ರೈವರ್ ನಕ್ಕ. ಕರುಣೆಯಲ್ಲ ಚಾಚಾ, ಮಾಲು ಬೇಗ ತುಂಬುತ್ತದೆ, ದಿನಕ್ಕೊಂದು ಫೇರಿ ಜಾಸ್ತಿ ಸಿಗುತ್ತದೆ ಎಂದ. ನನಗೆ ಆ ಉತ್ತರ ಹಿಡಿಸಿತು. ಕರುಣೆ ಒಂದು ದಿನ ಇದ್ದು ಇನ್ನೊಂದು ದಿನ ಇಲ್ಲದಿರಬಹುದು, ಲೆಕ್ಕ ದಿನಾಲೂ ಇರುತ್ತದೆ.

ಗಾಡಿ ಇಟ್ಟುಕೊಂಡವರು ಈ ಮಾತು ಕೇಳುತ್ತಿದ್ದರೆ ಆ ಲೆಕ್ಕವನ್ನೊಮ್ಮೆ ಹಾಕಿ ನೋಡಿ. ಮೆಟ್ಟಿಲು ಆಗದಿದ್ದರೆ ಒಂದು ಗಟ್ಟಿ ಮಣೆಯಾದರೂ ಸೀಟಿನ ಹಿಂದೆ ಇರಲಿ. ನಾನು ಅವತ್ತು, ಯಾರೂ ಹೇಳದಿದ್ದರೂ, ಆ ಕಬ್ಬಿಣದ ಮೆಟ್ಟಿಲ ಮೇಲೆ ಕಾಲಿಟ್ಟು ಒಂದು ಸಲ ಹತ್ತಿ ಇಳಿದೆ. ಇಳಿಯುವಾಗ ಮುಖ ಗಾಡಿಯ ಕಡೆಗೇ ಇತ್ತು. ಡ್ರೈವರ್ ಭಾಡೆಯ ಚೀಟಿ ಮುಂದೆ ಹಿಡಿದ. ಸಹಿ ಮಾಡಿ, ಷರಾದ ಜಾಗ ಖಾಲಿಯಿದ್ದದ್ದು ಕಂಡು, ಹಳೆಯ ಅಭ್ಯಾಸದಂತೆ ಪೆನ್ನು ಅಲ್ಲಿಗೆ ಹೋಯಿತು. ಬರೆದೆ: ‘ಹತ್ತಿದವರೂ ಇಳಿದವರೂ ಸುಸ್ಥಿತಿಯಲ್ಲಿದ್ದಾರೆ.’